ಸರಕು ವಾಹನದ ದೀಪಗಳಲ್ಲಿ ಶಾರ್ಟ್ ಸರ್ಕ್ಯೂಟ್: ಪತ್ತೆಹಚ್ಚುವ ಕ್ರಮ

ಸಂಜೆ ಮಂಡಿಯಿಂದ ಹೊರಟ ಸರಕು ವಾಹನವು ಊರು ದಾಟುವ ಮೊದಲೇ ಹಿಂದಿನ ದೀಪಗಳನ್ನು ಕಳೆದುಕೊಂಡಿತೆಂದರೆ ಚಾಲಕನು ಮೊದಲು ಫ್ಯೂಸ್ ಬದಲಾಯಿಸುತ್ತಾನೆ. ಹೊಸದೂ ಸುಟ್ಟರೆ ಅದಕ್ಕಿಂತ ದೊಡ್ಡದನ್ನು ಹಾಕುತ್ತಾನೆ. ಅದೂ ಕೈಗೆ ಸಿಗದಿದ್ದರೆ ತಾಮ್ರದ ಎಳೆಯನ್ನೋ ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದವನ್ನೋ ಸುತ್ತಿ ಮುಂದೆ ಸಾಗುತ್ತಾನೆ. ಬಹುಪಾಲು ಸಲ ಸರಕು ತಲುಪುತ್ತದೆ. ತಲುಪದ ಒಂದು ಸಲ ಮಾತ್ರ ವಾಹನವನ್ನೂ ಸರಕನ್ನೂ ಒಟ್ಟಿಗೆ ಬೆಂಕಿಗೆ ಒಪ್ಪಿಸಿದಂತಾಗುತ್ತದೆ. ದೀಪವಿಲ್ಲದೆ ಓಡಿಸುವುದು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಉಲ್ಲಂಘನೆ. ಹಿಂದಿನಿಂದ ಬರುವವನಿಗೆ ಕಾಣದ ವಾಹನದ ಅಪಾಯವನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ದೋಷವಿರುವ ಜಾಗವನ್ನೇ ಹುಡುಕುವುದು ಅನಿವಾರ್ಯ. ಅದಕ್ಕೆ ಬೇಕಾದ ಉಪಕರಣದ ಬೆಲೆ ಒಂದು ಬಲ್ಬಿನ ಬೆಲೆಯಷ್ಟೇ.

ಫ್ಯೂಸ್ ಇರುವುದು ಬಲ್ಬಿನ ರಕ್ಷಣೆಗೆ ಎಂಬುದು ಹಲವರ ತಿಳಿವಳಿಕೆ. ವಾಸ್ತವದಲ್ಲಿ ಅದು ರಕ್ಷಿಸುವುದು ತಂತಿಯನ್ನು. 12 ವೋಲ್ಟಿನ ಸಣ್ಣ ವಾಹನವೊಂದರಲ್ಲಿ 5 ವ್ಯಾಟಿನ ನಾಲ್ಕು ಪಾರ್ಕಿಂಗ್ ಬಲ್ಬುಗಳೂ ನಂಬರ್ ಪ್ಲೇಟಿನ 5 ವ್ಯಾಟಿನ ಇನ್ನೊಂದು ಬಲ್ಬೂ ಉರಿಯುತ್ತಿವೆ ಎಂದಿಟ್ಟುಕೊಳ್ಳಬಹುದು. ಒಟ್ಟು 25 ವ್ಯಾಟ್. ಅಂದರೆ 2 ಆಂಪಿಯರಿಗಿಂತ ತುಸು ಹೆಚ್ಚು. 0.75 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ ಇಷ್ಟು ಪ್ರವಾಹ ಹರಿದಾಗ ಪ್ರತಿ ಮೀಟರಿನಲ್ಲಿ ಹುಟ್ಟುವ ಶಾಖ ಸುಮಾರು 0.1 ವ್ಯಾಟ್ ಮಾತ್ರ. ಅದೇ ತಂತಿಯಲ್ಲಿ 25 ಆಂಪಿಯರ್ ಹರಿದರೆ ಶಾಖ 14 ವ್ಯಾಟಿಗೆ ಏರುತ್ತದೆ. ಏಕೆಂದರೆ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಟೇಪು ಸುತ್ತಿದ ತಂತಿಗಳ ಕಟ್ಟಿನೊಳಗೆ ಆ ಶಾಖ ಹೊರಹೋಗುವ ದಾರಿಯಿಲ್ಲದೆ ಪಿವಿಸಿ ಹೊದಿಕೆ ಕರಗಿ, ಪಕ್ಕದ ತಂತಿಗಳೂ ಒಂದಕ್ಕೊಂದು ತಾಗುತ್ತವೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ತಂತಿಯು ಚಾಸಿಸ್ಸಿಗೆ ಪೂರ್ಣವಾಗಿ ತಾಗಿದರೆ ಪ್ರವಾಹ 100 ಆಂಪಿಯರನ್ನೂ ಮೀರಬಹುದು. ಆಗ 30 ಆಂಪಿಯರಿನ ಫ್ಯೂಸ್ ಸಹ ಕ್ಷಣದಲ್ಲಿ ಸುಡುತ್ತದೆ. ಹೆಚ್ಚು ಅಪಾಯಕಾರಿಯಾದುದು ಅರೆಬರೆ ತಾಗುವ ತಂತಿ. 20ರಿಂದ 25 ಆಂಪಿಯರ್ ಎಳೆಯುವ ಇಂಥ ದೋಷವನ್ನು ಕೆಂಪು ಬಣ್ಣದ 10 ಆಂಪಿಯರ್ ಫ್ಯೂಸ್ ಬೇಗನೆ ತಡೆಯುತ್ತದೆ. ಅದರ ಜಾಗದಲ್ಲಿ ಹಸಿರು ಬಣ್ಣದ 30 ಆಂಪಿಯರಿನದನ್ನು ಹಾಕಿದರೆ ಫ್ಯೂಸ್ ಉಳಿದು ತಂತಿ ಸುಡುತ್ತದೆ.

ಸುಟ್ಟ ಫ್ಯೂಸನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯ ಅಭ್ಯಾಸ. ಒಳಗಿನ ಲೋಹ ನಡುವೆ ಮೆಲ್ಲಗೆ ಕರಗಿ ತುಂಡಾಗಿದ್ದರೆ ಅದು ಹೆಚ್ಚಿನ ಹೊರೆಯ ಗುರುತು; ಯಾರೋ ಅದೇ ತಂತಿಗೆ ಅಲಂಕಾರದ ದೀಪಗಳನ್ನು ಜೋಡಿಸಿರಬಹುದು. ಒಳಭಾಗವೆಲ್ಲ ಕಪ್ಪಾಗಿ, ಲೋಹ ಸಿಡಿದು ಮೆತ್ತಿಕೊಂಡಿದ್ದರೆ ಅದು ಸಾಮಾನ್ಯವಾಗಿ ನೇರ ಶಾರ್ಟಿನ ಗುರುತು. ಅನಂತರ ಚಾಲಕನಿಗೆ ಕೇಳಬೇಕಾದ ಪ್ರಶ್ನೆಗಳು ಎರಡೇ: ಫ್ಯೂಸ್ ಸುಟ್ಟಾಗ ಏನು ಮಾಡುತ್ತಿದ್ದೆ? ಇತ್ತೀಚೆಗೆ ವಾಹನದಲ್ಲಿ ಯಾವ ಕೆಲಸವಾಯಿತು? ಬ್ರೇಕ್ ಒತ್ತಿದಾಗಲೋ ರಿವರ್ಸ್ ಗೇರ್ ಹಾಕಿದಾಗಲೋ ಹಳ್ಳಕ್ಕೆ ಇಳಿದಾಗಲೋ ಎಂಬ ಉತ್ತರವು ಹುಡುಕಾಟದ ಅರ್ಧ ಶ್ರಮವನ್ನು ಉಳಿಸುತ್ತದೆ.

ಇನ್ನು ಬಲ್ಬಿನ ವಿಧಾನ. ಸುಟ್ಟ ಫ್ಯೂಸಿನ ಜಾಗದಲ್ಲಿ ಹೊಸ ಫ್ಯೂಸ್ ಹಾಕದೆ, ಹೋಲ್ಡರಿನಲ್ಲಿ ಕೂರಿಸಿದ 21 ವ್ಯಾಟಿನ ಬಲ್ಬಿನ ಎರಡು ತಂತಿಗಳನ್ನು ಫ್ಯೂಸಿನ ಎರಡು ತುದಿಗಳಿಗೆ ಜೋಡಿಸಬೇಕು. 24 ವೋಲ್ಟಿನ ಲಾರಿಗೆ 24 ವೋಲ್ಟಿನ ಬಲ್ಬೇ ಬೇಕು. ಆ ಮಂಡಲದ ದೀಪಗಳ ಬಲ್ಬುಗಳನ್ನೆಲ್ಲ ಕಳಚಿ ಸ್ವಿಚ್ ಹಾಕಿದಾಗ ಪರೀಕ್ಷಾ ಬಲ್ಬು ಪೂರ್ಣ ಪ್ರಕಾಶದಿಂದ ಉರಿದರೆ ಶಾರ್ಟ್ ಇರುವುದು ನಿಶ್ಚಯ. 12 ವೋಲ್ಟಿನಲ್ಲಿ ಆ ಬಲ್ಬು 1.75 ಆಂಪಿಯರಿಗಿಂತ ಹೆಚ್ಚು ಹರಿಯಗೊಡುವುದಿಲ್ಲವಾದ್ದರಿಂದ ದೋಷ ಹಾಗೆಯೇ ಇದ್ದರೂ ತಂತಿ ಬಿಸಿಯಾಗುವುದಿಲ್ಲ. ಹುಡುಕಲು ಬೇಕಾದಷ್ಟು ಸಮಯ ಸಿಗುತ್ತದೆ, ಫ್ಯೂಸುಗಳೂ ಹಾಳಾಗುವುದಿಲ್ಲ. ಡ್ಯಾಶ್‌ಬೋರ್ಡಿನ ಪುಟ್ಟ ದೀಪಗಳು ಅದೇ ಮಂಡಲದಲ್ಲಿದ್ದರೆ ಪರೀಕ್ಷಾ ಬಲ್ಬು ತೀರ ಮಂಕಾಗಿ ಮಿಣುಕಬಹುದು. ಅದಕ್ಕೆ ಗಾಬರಿ ಬೇಡ. ಬಲ್ಬು ಚೆನ್ನಾಗಿ ಕಾಯುವುದರಿಂದ ಅದನ್ನು ಪ್ಲಾಸ್ಟಿಕ್ ಮತ್ತು ಸೀಟಿನ ಬಟ್ಟೆಯಿಂದ ದೂರ ಇಡಬೇಕು.

ಬಲ್ಬು ಉರಿಯುತ್ತಿರುವಂತೆಯೇ ಮಂಡಲವನ್ನು ಭಾಗ ಮಾಡುತ್ತ ಹೋಗಬೇಕು. ಮೊದಲು ಕ್ಯಾಬಿನ್‌ನಿಂದ ಹಿಂಭಾಗಕ್ಕೆ ಹೋಗುವ ಕನೆಕ್ಟರನ್ನು ಕಳಚುವುದು. ಪರೀಕ್ಷಾ ಬಲ್ಬು ಆರಿದರೆ ದೋಷ ಹಿಂದಿದೆ, ಉರಿಯುತ್ತಲೇ ಇದ್ದರೆ ಮುಂದಿದೆ. ಹಿಂದಿದ್ದರೆ ಕನೆಕ್ಟರನ್ನು ಮತ್ತೆ ಜೋಡಿಸಿ, ಎಡದೀಪದ ಕವಲನ್ನು ಬೇರ್ಪಡಿಸಿ ನೋಡುವುದು. ಆಮೇಲೆ ಬಲದ್ದು, ನಂಬರ್ ಪ್ಲೇಟಿನದು. ಹೀಗೆ ಐದಾರು ಹೆಜ್ಜೆಗಳಲ್ಲಿ ದೋಷವು ಒಂದು ಮೊಳ ತಂತಿಗೆ ಸೀಮಿತವಾಗುತ್ತದೆ. ಬಿಟ್ಟು ಬಿಟ್ಟು ತಾಗುವ ದೋಷವಾದರೆ ಒಬ್ಬನು ಬಲ್ಬನ್ನು ನೋಡುತ್ತಿರುವಾಗ ಇನ್ನೊಬ್ಬನು ತಂತಿಯ ಕಟ್ಟನ್ನು ಗೇಣು ಗೇಣಾಗಿ ಅಲುಗಿಸುತ್ತ ಬರಬೇಕು. ಬಲ್ಬು ಮಿನುಗಿದ ಕ್ಷಣದಲ್ಲಿ ಕೈಯಿರುವ ಜಾಗವೇ ಹುಡುಕುತ್ತಿದ್ದ ಜಾಗ.

ಮಲ್ಟಿಮೀಟರಿನ ಸದ್ದನ್ನೇ ನಂಬಿ ಮೋಸಹೋಗುವವರು ಕಡಿಮೆಯೇನಲ್ಲ. ತಣ್ಣಗಿರುವ ಬಲ್ಬಿನ ರೋಧವು ಉರಿಯುವ ಬಲ್ಬಿನದರ ಹತ್ತನೆಯ ಒಂದು ಭಾಗದಷ್ಟಿರುತ್ತದೆ. 21 ವ್ಯಾಟಿನ ಬಲ್ಬಿಗೆ ಅದು ಒಂದು ಓಮಿಗಿಂತಲೂ ಕಡಿಮೆ. ಬಲ್ಬು ಕಳಚದೆ ಅಳೆದರೆ ಮೀಟರು ಕೂಗಿಯೇ ಕೂಗುತ್ತದೆ, ಸರಿಯಾದ ಹಾರ್ನೆಸ್ಸನ್ನು ಕತ್ತರಿಸುವ ಕೆಲಸ ಶುರುವಾಗುತ್ತದೆ. ಬ್ರೇಕ್ ಒತ್ತಿದಾಗ ಪಾರ್ಕಿಂಗ್ ದೀಪ ಮಿಣುಕುವುದು, ಇಂಡಿಕೇಟರಿನ ಜೊತೆ ಬೇರೆ ದೀಪ ಹೊಳೆಯುವುದು ಮುಂತಾದವನ್ನೂ ಶಾರ್ಟ್ ಎಂದು ಬಗೆಯುವುದುಂಟು. ಫ್ಯೂಸ್ ಸುಡದೆ ಹೀಗಾಗುತ್ತಿದ್ದರೆ ಮೊದಲು ದೀಪದ ಅರ್ತ್ ತಂತಿಯ ತುಕ್ಕು ತೆಗೆದು ನೋಡುವುದು ಲೇಸು.

ದೋಷ ಸಿಗುವ ತಾಣಗಳು ಬಹುಮಟ್ಟಿಗೆ ಗೊತ್ತಿರುವಂಥವೇ: ನೀರು ಇಳಿದು ಹಸಿರು ಕಟ್ಟಿದ ಹಿಂದೀಪದ ಹೋಲ್ಡರ್, ಹಿಂಬಾಗಿಲಿನ ಕೀಲು, ಸೈಲೆನ್ಸರಿನ ಸಮೀಪ ಜೋತುಬಿದ್ದ ತಂತಿ, ಇಲಿ ಕಡಿದ ಜಾಗ. ಇವೆಲ್ಲಕ್ಕಿಂತ ಮುಖ್ಯವಾದುದು ಚಾಸಿಸ್ಸಿನ ಮೇಲೆ ಬಾಡಿ ಕಟ್ಟುವಾಗ ಕೊರೆದ ರಂಧ್ರ. ತಗಡಿಗೆ ರಂಧ್ರ ಕೊರೆದು, ಅಂಚನ್ನು ಅರದಿಂದ ಉಜ್ಜದೆ, ರಬ್ಬರ್ ಗ್ರಾಮೆಟ್ ಕೂರಿಸದೆ ತಂತಿ ತೂರಿಸಿದರೆ ಆ ಅಂಚು ದಿನದಿನದ ಕಂಪನದಲ್ಲಿ ಗರಗಸದಂತೆ ಹೊದಿಕೆಯನ್ನು ತಿನ್ನುತ್ತದೆ. ದೋಷ ಕಾಣಿಸಿಕೊಳ್ಳಲು ತಿಂಗಳುಗಳೇ ಬೇಕಾಗುವುದರಿಂದ ಬಾಡಿ ಕಟ್ಟಿದವರ ಗಮನಕ್ಕೆ ಅದು ಬರುವುದೇ ಇಲ್ಲ. ಬಾಡಿ ನಿರ್ಮಿಸುವ ಸಣ್ಣ ಘಟಕಗಳು ಗ್ರಾಮೆಟ್ ಮತ್ತು ಕ್ಲಿಪ್ಪುಗಳನ್ನು ಕೆಲಸದ ಪಟ್ಟಿಯಲ್ಲಿ ಬರೆದಿಡುವುದು, ಕೊಳ್ಳುವವರು ವಾಹನ ಪಡೆಯುವ ದಿನ ಅದನ್ನು ಬಗ್ಗಿ ನೋಡುವುದು, ಎರಡೂ ಅಗತ್ಯ.

ದೀಪಗಳನ್ನು ಎಲೆಕ್ಟ್ರಾನಿಕ್ ನಿಯಂತ್ರಣ ಘಟಕದ ಮೂಲಕ ನಡೆಸುವ ಹೊಸ ವಾಹನಗಳಲ್ಲಿ ಈ ವಿಧಾನ ಹಾಗೆಯೇ ಅನ್ವಯಿಸುವುದಿಲ್ಲ. ಅಲ್ಲಿ ಫ್ಯೂಸ್ ಸುಡದೆ ಘಟಕವೇ ಪ್ರವಾಹವನ್ನು ನಿಲ್ಲಿಸಬಹುದು. ಸ್ಕ್ಯಾನರಿನಿಂದ ದೋಷಸಂಕೇತ ಓದಿಸಿದ ಮೇಲೆಯೇ ತಂತಿಗೆ ಕೈಹಾಕಬೇಕು. ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳನ್ನು ಯಾವ ಪರೀಕ್ಷೆಗೂ ಮುಟ್ಟಬಾರದು.

ದುರಸ್ತಿಯೆಂದರೆ ತಿರುಚಿ ಟೇಪು ಸುತ್ತುವುದಲ್ಲ. ಮೊದಲ ಮಳೆಗೇ ಅದು ಬಿಚ್ಚಿಕೊಳ್ಳುತ್ತದೆ. ಸವೆದ ಭಾಗವನ್ನು ತೆಗೆದು ಅದೇ ದಪ್ಪದ ತಂತಿಯನ್ನು ಬೆಸೆದು ಅಥವಾ ಕ್ರಿಂಪ್ ಮಾಡಿ, ಶಾಖಕ್ಕೆ ಕುಗ್ಗುವ ಕೊಳವೆ ತೊಡಿಸಿ, ಅಂಚಿಗೆ ತಾಗದಂತೆ ಕಟ್ಟಬೇಕು. ಬಲ್ಬುಗಳನ್ನು ಮರಳಿ ಹಾಕಿ, ಮೂಲ ಅಳತೆಯ ಫ್ಯೂಸ್ ಕೂರಿಸಿ, ಅರ್ಧ ಗಂಟೆ ದೀಪಗಳನ್ನು ಉರಿಸಿದ ಮೇಲೆ ತಂತಿಯ ಕಟ್ಟನ್ನು ಮುಟ್ಟಿ ನೋಡಿದರೆ ಬಿಸಿ ತಾಗಬಾರದು. ಬಿಲ್ಲಿನಲ್ಲಿ ‘ವೈರಿಂಗ್ ಕೆಲಸ’ ಎಂದಷ್ಟೇ ಬರೆಸಿಕೊಳ್ಳದೆ, ಶಾರ್ಟ್ ಯಾವ ಜಾಗದಲ್ಲಿತ್ತು, ಎಷ್ಟು ಆಂಪಿಯರಿನ ಫ್ಯೂಸ್ ಹಾಕಲಾಯಿತು ಎಂಬುದನ್ನೂ ಮಾಲೀಕರು ಬರೆಸಿಕೊಳ್ಳಬೇಕು.