ಪರೀಕ್ಷೆಯೂ ಶ್ರದ್ಧೆಗೆ ಬಲವೇ

ಶಂಕೆಯು ಸಮ್ಯಗ್ದರ್ಶನಕ್ಕೆ ಅತಿಚಾರವೆಂದಿರುವಾಗ ಶ್ರಾವಕನು ಪ್ರಶ್ನಿಸಬಹುದೇ? ಅವಶ್ಯವಾಗಿ ಪ್ರಶ್ನಿಸಬಹುದು. ಮನಸ್ಸು ಎತ್ತಲೂ ನೆಲೆಗೊಳ್ಳದಿರುವುದು ಶಂಕೆ. ಪ್ರಮಾಣದಿಂದ ನಿರ್ಣಯಕ್ಕೆ ಬರುವುದು ಪರೀಕ್ಷೆ. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯ 114 ಕಾರಿಕೆಗಳಲ್ಲಿ ಆಪ್ತನನ್ನೇ ಪರೀಕ್ಷೆಗೊಡ್ಡಿದರು. ದೇವತೆಗಳ ಆಗಮನ, ಆಕಾಶಗಮನಾದಿ ವೈಭವಗಳು ಮಾಯಾವಿಗಳಲ್ಲಿಯೂ ತೋರುವುದರಿಂದ ಅವು ಪೂಜ್ಯತೆಗೆ ಪ್ರಮಾಣವಲ್ಲವೆಂದರು.

ಈ ವಿವೇಕವು ವ್ರತಾಚರಣೆಯಲ್ಲಿಯೂ ಬೇಕು. "ಉಪವಾಸದಿಂದ ಮಧುಮೇಹವು ನಿರ್ಮೂಲವಾಗುವುದು, ಔಷಧವನ್ನು ಬಿಡಿರಿ" ಎಂದು ಯಾರಾದರೂ ಹೇಳಿದರೆ, ಹೇಳಿದವರು ಯಾರು, ಪ್ರಮಾಣವೇನು, ಅದು ಯಾರಿಗೆ ಅನ್ವಯಿಸುವುದು ಎಂದು ವಿಚಾರಿಸಬೇಕು. ಇನ್ಸುಲಿನ್ ಪಡೆಯುವವರು ವೈದ್ಯರನ್ನು ಕೇಳದೆ ನಿರಾಹಾರರಾದರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಇನ್ಸುಲಿನ್ನನ್ನೇ ತ್ಯಜಿಸಿದರೂ ಪ್ರಾಣಾಪಾಯವುಂಟು. ಅನಶನವು ಕರ್ಮನಿರ್ಜರೆಗೆ ಹೇಳಿದ ತಪವೇ ಹೊರತು ರೋಗಚಿಕಿತ್ಸೆಯಲ್ಲ.

ಹಾಗೆಂದು ವ್ರತವನ್ನೇ ಹಳಿಯುವುದೂ ಏಕಾಂತವೇ. ಹಿರಿಯರು ವ್ರತಭಂಗಕ್ಕೆ ಅಂಜುವರು, ವೈದ್ಯರು ದೇಹಹಾನಿಗೆ ಅಂಜುವರು; ಎರಡು ಮಾತುಗಳನ್ನೂ ಸಮಾಧಾನದಿಂದ ಕೇಳಿ ತೂಗುವುದೇ ಅನೇಕಾಂತದೃಷ್ಟಿ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು 'ಶಕ್ತಿತಃ' ಎಂದೇ ಹೇಳಿದೆ. ಶಕ್ತಿಯಿಲ್ಲದವರಿಗೆ ರಸಪರಿತ್ಯಾಗವೂ ಸ್ವಾಧ್ಯಾಯವೂ ತಪಸ್ಸುಗಳೇ. ಆದುದರಿಂದ ಧರ್ಮಬಂಧುಗಳು ಪರ್ವದಿನಕ್ಕೆ ಮೊದಲೇ ತಮ್ಮ ಶಕ್ತಿಯನ್ನು ಪರೀಕ್ಷಿಸಿಕೊಂಡು, ಅನಂತರವೇ ನಿಯಮವನ್ನು ಸ್ವೀಕರಿಸತಕ್ಕದ್ದು.