ಬಾವಿ ನೀರಿನ ಪರೀಕ್ಷೆ: ಬಾಟಲಿ ತುಂಬುವ ಮೊದಲು



ಹೋದ ಮಳೆಗಾಲದಲ್ಲಿ ನಂತೂರು ಕಡೆಯ ಸದಸ್ಯೆಯೊಬ್ಬರು ಜ್ಯೂಸ್ ಬಾಟಲಿಯಲ್ಲಿ ಬಾವಿ ನೀರು ತಂದಿದ್ದರು. ಅವರ ಹಸುವಿಗೆ ಮತ್ತೆ ಮತ್ತೆ ಕೆಚ್ಚಲು ಬಾವು. ಕೆಚ್ಚಲು ತೊಳೆಯುವ ನೀರಿನ ಮೇಲೆ ಸಂಶಯ. ಸಂಶಯ ಸರಿಯೇ, ಬಾಟಲಿ ಸರಿಯಿರಲಿಲ್ಲ. ಅದರಲ್ಲಿ ರೋಗಾಣು ಸಿಕ್ಕಿದರೂ ಬಾವಿಯದ್ದೋ ಬಾಟಲಿಯದ್ದೋ ಹೇಳುವುದು ಹೇಗೆ?

ನಮ್ಮ ಮುರಕಲ್ಲಿನ ನೆಲ ತೂತು ತೂತು. ಹಟ್ಟಿಯ ಗಂಜಲ, ಗೊಬ್ಬರ ಗುಂಡಿಯ ರಸ, ಶೌಚಗುಂಡಿಯ ನೀರು ಮಳೆಯೊಂದಿಗೆ ಬೇಗ ಬಾವಿಗಿಳಿಯುತ್ತವೆ. ಇವುಗಳಿಂದ ಬರುವ ರೋಗಾಣು ನೀರು ಕುದಿಸಿದರೆ ಸಾಯುತ್ತದೆ. ನೈಟ್ರೇಟ್ ಮಾತ್ರ ಕುದಿಸಿದರೆ ಹೋಗದು, ನೀರು ಆರಿದಷ್ಟೂ ಹೆಚ್ಚುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಂತೆ 100 ಮಿ.ಲೀ.ನಲ್ಲಿ ಇ-ಕೋಲಿ ಇರಲೇಬಾರದು. ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ ಮೀರಬಾರದು. ಹಾಗಾಗಿ ಬಾಟಲಿ ಎರಡು ಬೇಕು.

ನೈಟ್ರೇಟ್ ಪರೀಕ್ಷೆಗೆ ಒಂದು ಲೀಟರಿನ ಶುಚಿಯಾದ ಪ್ಲಾಸ್ಟಿಕ್ ಬಾಟಲಿ ಸಾಕು. ಅದೇ ಬಾವಿಯ ನೀರಿನಿಂದ ಮೂರು ಸಲ ತೊಳೆದು ತುಂಬಿಸಿ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರು ಕೊಡುವ ಕ್ರಿಮಿಶುದ್ಧ ಬಾಟಲಿಯೇ ಬೇಕು. ಇದನ್ನು ತೊಳೆಯಲೇಬೇಡಿ! ಒಳಗಿರುವ ಚಿಟಿಕೆ ಪುಡಿ ಕಸವಲ್ಲ, ಕ್ಲೋರಿನ್ ಅಡಗಿಸುವ ಮದ್ದು. ಮುಚ್ಚಳದ ಒಳಭಾಗ ಮುಟ್ಟಬೇಡಿ, ನೆಲದ ಮೇಲಿಡಬೇಡಿ. ಮೇಲೆ ಒಂದು ಇಂಚು ಖಾಲಿ ಬಿಡಿ.

ಓವರ್‌ಹೆಡ್ ಟ್ಯಾಂಕಿನ ನಳ್ಳಿ ನೀರು ಹಿಡಿದರೆ ಟ್ಯಾಂಕಿನ ಕಥೆ ತಿಳಿಯುತ್ತದೆ, ಬಾವಿಯದ್ದಲ್ಲ. ಅಂತರ್ಜಲ ತಜ್ಞರು ವೀಕ್ಷಣಾ ಕೊಳವೆಬಾವಿಯಿಂದ ಮಾದರಿ ತೆಗೆಯುವಾಗ, ಪೈಪಿನೊಳಗೆ ನಿಂತ ನೀರಿನ ಸುಮಾರು ಮೂರು ಪಟ್ಟು ಹೊರಹಾಕಿ ಆಮೇಲೆ ಬಾಟಲಿ ಹಿಡಿಯುತ್ತಾರೆ. ಆರಿಂಚಿನ ಕೊಳವೆಯಲ್ಲಿ ಒಂದು ಅಡಿಗೆ ಐದೂವರೆ ಲೀಟರ್ ನೀರಿರುತ್ತದೆ; 100 ಅಡಿ ನೀರು ನಿಂತಿದ್ದರೆ 550 ಲೀಟರ್, ಅದರ ಮೂರು ಪಟ್ಟು 1,650 ಲೀಟರ್. ಇಷ್ಟನ್ನು ಸುಮ್ಮನೆ ಚೆಲ್ಲಲು ಯಾರಿಗೂ ಮನಸ್ಸಾಗದು. ತೋಟಕ್ಕೆ ನೀರು ಬಿಟ್ಟ ದಿನ ಕೊನೆಗೆ, ಪಂಪಿನ ಬಾಯಿಯಲ್ಲೇ ಹಿಡಿಯಿರಿ. ತೆರೆದ ಬಾವಿಯಾದರೆ ಶುದ್ಧ ಹಗ್ಗಕ್ಕೆ ಬಾಟಲಿ, ತೂಕಕ್ಕೊಂದು ತೊಳೆದ ಕಲ್ಲು ಕಟ್ಟಿ, ಗೋಡೆಗೆ ತಾಗದಂತೆ ಇಳಿಸಿ ಮುಳುಗಿಸಿ. ಮೇಲ್ಪದರದ ಕಸ ಸೇರಬಾರದು.

ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಅದರ ವಾಸನೆ ಪೂರ್ತಿ ಹೋಗುವವರೆಗೆ ತಡೆಯಿರಿ. ರೋಗಾಣು ತಿಳಿಯಲು ಜೋರು ಮಳೆ ಹಿಡಿದ ನಂತರದ ದಿನಗಳೇ ಒಳ್ಳೆಯದು. ಬೇಸಿಗೆಯ ಫಲಿತಾಂಶ ನಂಬಿ ಕೂರಬೇಡಿ.

ಬಾಟಲಿಯ ಮೇಲೆ ಹೆಸರು, ತಾರೀಕು, ಗಂಟೆ, ಗೊಬ್ಬರ ಗುಂಡಿಗೆ ಎಷ್ಟು ದೂರ ಎಂದು ಬರೆಯಿರಿ. ಐಸ್ ಇಟ್ಟ ಡಬ್ಬದಲ್ಲಿ, ಸಾಧ್ಯವಾದರೆ 6 ಗಂಟೆಯೊಳಗೆ, ತಡವೆಂದರೆ 24 ಗಂಟೆಯೊಳಗೆ ತಲುಪಿಸಿ. ಫಲಿತಾಂಶ ಬರುವವರೆಗೆ ಹಾಲಿನ ಕ್ಯಾನನ್ನು ಕೊನೆಗೊಮ್ಮೆ ಕುದಿಸಿದ ನೀರಿನಲ್ಲಿ ತೊಳೆದು ಬೋರಲು ಹಾಕಿ. ಕೆಚ್ಚಲು ತೊಳೆಯಲೂ ಕುದಿಸಿ ಆರಿಸಿದ ನೀರೇ ಇರಲಿ.