ಊರೇ ಒಡೆಯನಾದ ತಂಡ

ಅಮೆರಿಕದ ಫುಟ್‌ಬಾಲು ನಾವಾಡುವ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಪಟ್ಟಣದಲ್ಲಿ 1919ರಲ್ಲಿ ಕರ್ಲಿ ಲ್ಯಾಂಬೋ ಮತ್ತು ಜಾರ್ಜ್ ಕ್ಯಾಲ್ಹೂನ್ ಒಂದು ತಂಡ ಕಟ್ಟಿದರು. ಮಾಂಸವನ್ನು ಡಬ್ಬಿಗಳಲ್ಲಿ ತುಂಬುವ ಕಂಪನಿಯೊಂದು ಉಡುಪಿಗೆಂದು 500 ಡಾಲರು ಕೊಟ್ಟಿತು. ‘ಪ್ಯಾಕರ್ಸ್’ ಎಂಬ ಹೆಸರು ಬಂದುದು ಹೀಗೆ.

1921ರಲ್ಲಿ ತಂಡ ರಾಷ್ಟ್ರೀಯ ಲೀಗನ್ನು ಸೇರಿತು. ಆದರೆ ಕೈಯಲ್ಲಿ ಕಾಸಿರಲಿಲ್ಲ. 1923ರಲ್ಲಿ 5 ಡಾಲರಿನಂತೆ ಷೇರುಗಳನ್ನು ಊರವರಿಗೇ ಮಾರಿದರು. ಈ ಷೇರಿಗೆ ಲಾಭಾಂಶವಿಲ್ಲ. ತಂಡವನ್ನು ಮಾರಿದರೆ ಬರುವ ಹಣ ಯೋಧರ ಸ್ಮಾರಕಕ್ಕೆ ಸೇರತಕ್ಕದ್ದೆಂದು ಅಂದಿನ ನಿಯಮವಿತ್ತು; 1997ರಿಂದ ಅದು ಧರ್ಮಾರ್ಥ ಸಂಸ್ಥೆಯೊಂದಕ್ಕೆ ಮೀಸಲಾಯಿತು.

ಇದನ್ನು ಓದಿ ಹೇಳಿದಾಗ, ಅಕ್ಷರ ಕಲಿಯದ ನನ್ನ ತಂದೆ ಕೇಳಿದರು: “ಲಾಭವಿಲ್ಲದ ಷೇರು ಯಾರಿಗೆ ಬೇಕು?” ನಾನು ತಬ್ಬಿಬ್ಬಾದೆ.

ಉತ್ತರ ಇತಿಹಾಸದಲ್ಲಿಯೇ ಇದೆ. ಒಹಾಯೊ ರಾಜ್ಯದ ಪೋರ್ಟ್ಸ್‌ಮತ್ ಎಂಬ ಸಣ್ಣ ಊರಿನ ತಂಡವನ್ನು 1934ರಲ್ಲಿ ಹಣವಂತರು ಕೊಂಡು ಡೆಟ್ರಾಯಿಟಿಗೆ ಒಯ್ದರು. ಗ್ರೀನ್ ಬೇ ತಂಡ ಮಾತ್ರ ಕದಲಲಿಲ್ಲ. ಮಾರಿದರೆ ಯಾರ ಜೇಬೂ ತುಂಬದಷ್ಟೆ! 1935, 1950ರಲ್ಲಿ ಕಷ್ಟ ಬಂದಾಗಲೂ ಜನ ಮತ್ತೆ ಷೇರು ಕೊಂಡರು. 1959ರಲ್ಲಿ ಬಂದ ತರಬೇತುದಾರ ವಿನ್ಸ್ ಲೊಂಬಾರ್ಡಿ ಒಂಬತ್ತು ವರ್ಷಗಳಲ್ಲಿ ಐದು ಬಾರಿ ಪ್ರಶಸ್ತಿ ಗೆದ್ದುಕೊಟ್ಟರು. 2020ರ ಜನಗಣತಿಯಲ್ಲಿ ಆ ಊರಿನ ಜನಸಂಖ್ಯೆ ಲಕ್ಷಕ್ಕೆ ತುಸು ಮೇಲೆ. ಷೇರುದಾರರಾದರೋ ಇಂದು ಐದು ಲಕ್ಷಕ್ಕೂ ಹೆಚ್ಚು.

ತಂದೆ ಎಲ್ಲವನ್ನೂ ಕೇಳಿ, “ಹಾಗಾದರೆ ಅವರು ಕೊಂಡದ್ದು ಷೇರಲ್ಲ, ಊರಿನ ಮಾನ” ಎಂದರು. ಮೂರು ವರ್ಷ ಅರ್ಥಶಾಸ್ತ್ರ ಓದಿದ ನನಗೆ ಆ ಮಾತು ಹೊಳೆದಿರಲಿಲ್ಲ.